ಎರಡು ಬಣ್ಣದ ವೆಲ್ವೆಟ್ ಕೋಟು

2022ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಇನ್‌ಚಾರ್ಜ್. ಕತಾರಿನ ಫುಟ್‌ಬಾಲ್ ವಿಶ್ವಕಪ್ ಉದ್ಘಾಟನೆಯಲ್ಲಿ ಬಾವುಟ ಹಿಡಿದು ಬರುವವರಿಗೆಂದು ಆರುನೂರು ಮೆರೂನ್ ವೆಲ್ವೆಟ್ ಕೋಟುಗಳ ಆರ್ಡರ್ ಬಂತು. ದಿನಾ ಶರ್ಟು ಹೊಲಿದು ಬೇಸತ್ತಿದ್ದ ನಮಗೆ ಅದು ಮದುವೆ ಮನೆ ಸಂಭ್ರಮ. "ಆವತ್ತು ಎಲ್ಲಾರೂ ನಮ್ಮನೆಗೇ ಬನ್ನಿ, ಟಿವಿ ದೊಡ್ಡದಿದೆ" ಎಂದು ಚೆಕರ್ ನೂರ್‌ಜಾನ್ ಆಗಲೇ ಕರೆದುಬಿಟ್ಟಳು. ಹೊಲಿದ ಬಟ್ಟೆಯಲ್ಲಿ ತಪ್ಪಿದ್ದರೆ ಹೇಳುವುದೇ ಚೆಕರ್ ಕೆಲಸ.

ವೆಲ್ವೆಟ್ಟನ್ನು ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಒರಟು. ತಲೆಕೆಳಗು ಹಿಡಿದರೆ ಬಣ್ಣವೇ ಬೇರೆ ಕಾಣುತ್ತದೆ. ಆದ್ದರಿಂದ ಕತ್ತರಿಸುವ ಮುಂಚೆ ಮೇಜಿನ ಮೇಲೆ ಪ್ರತಿ ಪದರವನ್ನೂ ಒಂದೇ ತುದಿಯಿಂದ ಹಾಸಬೇಕು. ಸಾದಾ ಬಟ್ಟೆಯಂತೆ ಹೋಗಿ ಬಂದು ಮಡಚಿ ಹಾಸಿದರೆ, ಒಂದು ಬಿಟ್ಟು ಒಂದು ಪದರ ತಿರುಗುಮುರುಗು. ನನಗೆ ಗೊತ್ತಿರಲಿಲ್ಲವೆಂದಲ್ಲ. ಎರಡು ದಿನ ಉಳಿಯುತ್ತದಲ್ಲ ಎಂದು ಮಡಚಿಯೇ ಹಾಸಿಸಿದೆ.

ಮೊದಲ ಐವತ್ತು ಕೋಟು ಮುಗಿಯುವಷ್ಟರಲ್ಲಿ ನೂರ್‌ಜಾನ್ ಎರಡು ಕೋಟು ಹಿಡಿದು ಬಂದಳು.

"ಸಾರ್, ಇದು ಕೆಳಕ್ಕೆ ಸವರಿದ್ರೆ ಬೆಕ್ಕಿನ ಬೆನ್ನು. ಇದು ನೋಡಿ, ನಿಮ್ಮ ಗಡ್ಡ!"

ಸುತ್ತ ಇದ್ದವರು ನಕ್ಕರು. ನನಗೆ ರೇಗಿತು. "ಫುಟ್‌ಬಾಲ್ ನೋಡೋರು ಬಂದು ಕೋಟು ಸವರ್ತಾರೇನಮ್ಮಾ? ಹೋಗು, ಕೆಲಸ ನೋಡು."

ಆರುನೂರೂ ಮುಗಿದ ಮೇಲೆ ಕೊಳ್ಳುವ ಕಂಪನಿಯ ಇನ್‌ಸ್ಪೆಕ್ಟರ್ ಕೋಟುಗಳನ್ನು ಬಿಸಿಲಿಗೆ ಸಾಲಾಗಿ ನೇತುಹಾಕಿಸಿದ. ಅರ್ಧ ಗಾಢ, ಅರ್ಧ ತಿಳಿ. ಮ್ಯಾನೇಜರ್ ನನ್ನನ್ನು ಕರೆದು ಕೇಳಿದರು: "ಚೆಕಿಂಗ್‌ನಲ್ಲಿ ಯಾರೂ ಹೇಳ್ಲಿಲ್ವೇನ್ರೀ?"

"ಇಲ್ಲ ಸಾರ್."

ಎರಡೇ ಮಾತು. ಮಾರನೆಯ ದಿನದಿಂದ ನೂರ್‌ಜಾನ್‌ಗೆ ಕೆಲಸವಿರಲಿಲ್ಲ. ಕೋಟುಗಳನ್ನು ಬಣ್ಣ ನೋಡಿ ಬೇರೆ ಬೇರೆ ಪೆಟ್ಟಿಗೆಗೆ ತುಂಬಿ ಕಳಿಸಿದೆವು. ಅಲ್ಲಿ ಎರಡು ಸಾಲು ಮಾಡಿ ನಿಲ್ಲಿಸುತ್ತಾರೆಂದು ತೀರ್ಮಾನವಾಗಿತ್ತು.

ಉದ್ಘಾಟನೆಯ ಭಾನುವಾರ ಅವಳೇ ಫೋನ್ ಮಾಡಿದಳು. "ಕರೆದಿದ್ದೆ ಅಲ್ವಾ ಸಾರ್, ಬನ್ನಿ." ಹೊಲಿಗೆ ಲೈನಿನ ಹೆಂಗಸರ ಜೊತೆ ನಾನೂ ಹೋಗಿ ಕೂತೆ. ಟಿವಿಯಲ್ಲಿ ನಮ್ಮ ಕೋಟುಗಳು ಬಂದವು, ಗಾಢ ಒಂದು ಸಾಲು, ತಿಳಿ ಒಂದು ಸಾಲು. ಬೇಕೆಂದೇ ಮಾಡಿಸಿದ ಹಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳ ಅತ್ತೆ ನನ್ನ ಕಡೆ ತಿರುಗಿ, "ಇಷ್ಟು ಚೆನ್ನಾಗೈತಲ್ಲ ಸಾರ್, ಮತ್ತೆ ನಮ್ಮ ಹುಡುಗೀನ ಯಾಕೆ ತೆಗೆದ್ರು?" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಗಡ್ಡಕ್ಕೆ ಹೋಯಿತು. ನೂರ್‌ಜಾನ್ ಅದನ್ನು ನೋಡಿದಳು. "ಬಿಡಿ ಅಮ್ಮಾ, ಸಾರ್ ಟೀ ಕುಡೀಲಿ" ಎಂದಳು. ಬೈದಿದ್ದರೆ ಆ ಟೀ ಕುಡಿದಿರುತ್ತಿದ್ದೆ; ಲೋಟ ಹಾಗೇ ಇಟ್ಟು ಎದ್ದುಬಂದೆ.

ಸೋಮವಾರ ಮ್ಯಾನೇಜರಿಗೆ ನಿಜ ಹೇಳಿದೆ. ಬೈದರು, ಅವಳನ್ನು ವಾಪಸ್ ಕರೆಯಲೂ ಒಪ್ಪಿದರು. ಅವಳ ಮನೆಗೆ ಓಡಿಹೋಗಿ ಹೇಳಿದರೆ ಅವಳು ಅಡ್ಡಡ್ಡ ತಲೆಯಾಡಿಸಿದಳು. ನೆಲಮಂಗಲದ ಗೋದಾಮಿನಲ್ಲಿ ಪ್ಯಾಕಿಂಗ್‌ಗೆ ಸೇರಿಕೊಂಡಿದ್ದಳು. ಅಲ್ಲಿಗೆ ದಿನಾ ಎರಡು ಬಸ್ಸು ಹತ್ತಬೇಕು.

"ಬೇಡ ಸಾರ್. ಕಾರ್ಖಾನೆಗೆ ಬಂದ್ರೆ ಕಂಡಿದ್ದನ್ನ ಹೇಳ್ಬೇಕಾಗ್ತದೆ. ಗೋದಾಮಲ್ಲಾದ್ರೆ ಡಬ್ಬಕ್ಕೆ ಟೇಪು ಅಂಟಿಸಿದ್ರೆ ಸಾಕು."

ಕೈಯಲ್ಲೇ ತಪ್ಪು ಹಿಡಿಯುತ್ತಿದ್ದವಳನ್ನು ಟೇಪು ಅಂಟಿಸಲು ಕಳಿಸಿದವನು ನಾನು. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲವೆಂದು ಕತ್ತರಿ ಹಿಡಿದ ಮೊದಲ ದಿನವೇ ಕಲಿತಿದ್ದೆ. "ಇಲ್ಲ ಸಾರ್" ಎನ್ನುವುದೂ ಒಂದು ಕತ್ತರಿಯೆಂದು ಕಲಿಯಲು ನನಗೆ ಇಪ್ಪತ್ತೆಂಟು ವರ್ಷದ ನೌಕರಿ ಬೇಕಾಯಿತು.