ಅಗ್ಗಿಷ್ಟಿಕೆಯ ಮೇಲಿನ ಓರೆ ಹಲಗೆ

"ನಮ್ಮ ಬಡಗಿ ಮಾವ ಚಹಾದ ಲೋಟದ ಮೇಲೂ ರಸಮಟ್ಟ ಇಟ್ಟು ಸಮ ಇದೆಯಾ ಅಂತ ನೋಡ್ತಾನೆ ಕಣ್ರೀ," ಎಂದು ನೆರೆಯವರು ನಗುತ್ತಿದ್ದರು. ಕಂಡವರ ಅಗ್ಗಿಷ್ಟಿಕೆಯ ಮೇಲೆ ಬಳ್ಳಿ ಕೆತ್ತಿದ ಹಲಗೆ ಕೂರಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಕಿತ್ತು ಮತ್ತೆ ಕೂರಿಸುವವನು. ಅಂಥವನ ಮನೆಗೆ ಹೋಗಿ ನಾನು ಹೌಹಾರಿದೆ: ಅವನದೇ ಹಲಗೆ ಒಂದು ಕಡೆ ಗೇಣುದ್ದ ವಾಲಿತ್ತು, ಮೇಲಿನ ಹೂದಾನಿಗಳು ಜಾರದಂತೆ ಅಂಟು ಹಾಕಿದ್ದ! "ಇದೇನೋ ಮಾರಾಯ, ಕಣ್ಣು ಹೋಯ್ತಾ?" ಎಂದೆ. ಲಕ್ವ ಹೊಡೆದು, ಕತ್ತು ವಾಲಿ ಮಲಗಿದ್ದ ಹೆಂಡತಿಯತ್ತ ಕೈ ತೋರಿಸಿ, "ಅವಳ ದಿಂಬಿನಿಂದ ನೋಡು," ಎಂದ. ಬಗ್ಗಿ, ಅವಳ ತಲೆಯ ಪಕ್ಕ ತಲೆ ಓರೆ ಮಾಡಿ ನೋಡಿದೆ, ಹಲಗೆ ನೆಟ್ಟಗಿತ್ತು. ಅವಳು ತೀರಿಕೊಂಡು ಅವನು ಮನೆ ಬಿಡುವ ದಿನ, "ಈಗಲಾದ್ರೂ ಸರಿ ಮಾಡೋಣ್ವಾ?" ಎಂದೆ. "ಸರಿಯಾಗೇ ಇದೆಯಲ್ಲೋ," ಎಂದವನು ಹೊಸ್ತಿಲಲ್ಲಿ ತಿರುಗಿ, ಅವಳಂತೆಯೇ ಕತ್ತು ವಾಲಿಸಿ ಒಮ್ಮೆ ನೋಡಿ, ಬಾಗಿಲೆಳೆದುಕೊಂಡು ಹೊರಟುಹೋದ.