ಗಂಟು ಸವರಿದ ಬಿಲ್ಲು

ನಮ್ಮವರನ್ನು ಬೀದಿಯವರೆಲ್ಲ ನುಣುಪಣ್ಣ ಎಂದು ಕರೆಯುತ್ತಿದ್ದರು. ಮಾತು ನುಣುಪು ಅಂತಲ್ಲ. ಅವರು ಕುಡಿಯಲು ನೀರು ಕೇಳಿದರೂ ಜಗಳಕ್ಕೆ ಬಂದ ಹಾಗಿರುತ್ತಿತ್ತು, ಅಂಥ ಗಂಟಲು. ನುಣುಪಿದ್ದದ್ದು ಕೈಯಲ್ಲಿ. ಅವರು ಉಜ್ಜಿದ ಮೇಜಿನ ಮೇಲೆ ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತದೆ ಎಂದು ಎದುರಿನ ಕ್ಷೌರದಂಗಡಿಯವನು ಬಂದವರಿಗೆಲ್ಲ ಹೇಳುತ್ತಿದ್ದ.

ಮೊದಲು ಅವರು ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿದ್ದರು. ನಮ್ಮ ಮದುವೆಯಾದ ವರ್ಷವೇ ಅದು ಬಾಗಿಲು ಹಾಕಿತು. ನಾನು ಅಪ್ಪನಿಗೆ ಒಬ್ಬಳೇ ಮಗಳು. "ಕೈಕಸುಬು ಇರೋ ಹುಡುಗ, ಇಲ್ಲೇ ಇರಲಿ ಬಿಡು" ಎಂದು ಅಪ್ಪ ಅವರನ್ನು ಮನೆಅಳಿಯ ಮಾಡಿಕೊಂಡರು. ಮಾವನ ಅನ್ನ ಎಷ್ಟು ಬಿಸಿಯಿದ್ದರೂ ನಮ್ಮವರಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಯಾರೂ ಏನೂ ಅನ್ನದಿದ್ದರೂ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ.

ಅಪ್ಪನದು ಮರದ ಬಿಲ್ಲು ಮಾಡುವ ಕೆಲಸ. ಮುಂದಿನ ಕೋಣೆ ಅಂಗಡಿ, ನಡುವಿನದು ಕೆಲಸದ ಕೋಣೆ, ಹಿಂದೆ ನಾವು. ನನ್ನ ತಲೆಗೂದಲಲ್ಲಿ, ಹಾಸಿಗೆಯಲ್ಲಿ, ಸಾರಿನ ಪಾತ್ರೆಯಲ್ಲಿ ಎಲ್ಲೆಲ್ಲೂ ಮರದ ಹೊಟ್ಟು. ಅಪ್ಪನ ಬಿಲ್ಲುಗಳು ನೋಡಲು ಚೆಂದ ಇರಲಿಲ್ಲ ಎಂದೇ ಹೇಳಬೇಕು. ಅಲ್ಲೊಂದು ಉಬ್ಬು, ಇಲ್ಲೊಂದು ತಗ್ಗು, ಹಾವು ಹರಿದು ಹೋದ ಹಾಗೆ ಒಂದು ಸೊಟ್ಟ. ಆದರೆ ಅವು ಮುರಿದದ್ದನ್ನು ಯಾರೂ ಕಂಡಿರಲಿಲ್ಲ.

ನಮ್ಮವರನ್ನು ಎದುರಿಗೆ ಕೂರಿಸಿಕೊಂಡು ಅಪ್ಪ ಹೇಳಿಕೊಟ್ಟ ಮೊದಲ ಪಾಠ ನನಗೂ ಬಾಯಿಪಾಠವಾಗಿದೆ. "ನೋಡಪ್ಪ, ಮರ ವರ್ಷಕ್ಕೊಂದು ಪದರ ಹೊದ್ದುಕೊಂಡು ಬೆಳೆಯುತ್ತೆ. ಬಿಲ್ಲಿನ ಬೆನ್ನು ಅಂದ್ರೆ ಎಳೆಯೋರಿಂದ ಆಚೆ ಇರೋ ಮೈ. ಅದು ಈ ತುದಿಯಿಂದ ಆ ತುದಿಗೆ ಒಂದೇ ಪದರ ಆಗಿರಬೇಕು. ಗಂಟು ಬಂದ ಕಡೆ ಪದರ ಗುಡ್ಡ ಹತ್ತಿ ಇಳಿಯುತ್ತೆ. ನೀನೂ ಅದರ ಜೊತೆ ಹತ್ತಿ ಇಳಿ. ಗುಡ್ಡ ಕಡಿದು ರಸ್ತೆ ಮಾಡೋಕೆ ಹೋಗ್ಬೇಡ."

"ಆಗ್ಲಿ ಮಾವ" ಎಂದರು ನಮ್ಮವರು. ಆದರೂ ಬಹಳ ಕಾಲ ಅಪ್ಪ ಅವರ ಕೈಗೆ ಬಿಲ್ಲು ಕೊಡಲಿಲ್ಲ. ಹಿಡಿಗೆ ಚರ್ಮ ಸುತ್ತುವುದು, ಉಳಿ ಮಸೆಯುವುದು, ಅಷ್ಟೇ.

ಆಮೇಲೆ ಅಪ್ಪನ ಬೆರಳಿನ ಗೆಣ್ಣುಗಳು ಊದಿಕೊಂಡವು. ಅದೇ ಸಮಯಕ್ಕೆ ಮೈದಾನದಲ್ಲಿ ಬಿಲ್ಲುವಿದ್ಯೆ ಕಲಿಸುವ ಮೇಡಂ ಬಂದು, ತಮ್ಮ ಹತ್ತಿರ ಕಲಿಯುವ ಹುಡುಗಿಯರಲ್ಲಿ ಎಲ್ಲರಿಗಿಂತ ಚುರುಕಾದವಳಿಗೆ ಒಂದು ಬಿಲ್ಲು ಬೇಕು ಎಂದರು. ಒಣಗಿ ತಯಾರಾಗಿದ್ದ ಮರ ಅಟ್ಟದ ಮೇಲೆ ಒಂದೇ ಇತ್ತು, ಹಿಪ್ಪುನೇರಳೆಯದು. ರಸ್ತೆ ಅಗಲ ಮಾಡುವಾಗ ಕಡಿದ ಮರದ್ದು. ಅದರ ಮೇಲಿನ ಅರ್ಧದಲ್ಲಿ ಹುಣಸೆಬೀಜದಷ್ಟು ಒಂದು ಗಂಟು. ಇದೇ ಕಾರಣಕ್ಕೆ ಅಪ್ಪ ಅದನ್ನು ಅಷ್ಟು ವರ್ಷ ಮುಟ್ಟಿರಲಿಲ್ಲ.

"ಇದನ್ನ ನೀನು ಮಾಡು. ನಾನು ನೋಡ್ತಾ ಕೂತಿರ್ತೀನಿ" ಎಂದರು ಅಪ್ಪ. ಬಾಗಿಲ ಮೇಲಿನ ಹಲಗೆಯತ್ತ ಕೈ ತೋರಿಸಿ, "ಇದು ಗೆದ್ದರೆ ಅಲ್ಲಿ ನನ್ನ ಹೆಸರಿನ ಕೆಳಗೆ ನಿನ್ನದನ್ನೂ ಬರೆಸ್ತೀನಿ" ಎಂದು ಸೇರಿಸಿದರು.

ಅವತ್ತು ನಮ್ಮವರು ಎರಡನೇ ಸಲ ಬಡಿಸಿಕೊಂಡು ಉಂಡರು.

ಬಿಲ್ಲು ಮಾಡಿದ್ದೂ ಅಪ್ಪ ಹೇಳಿಕೊಟ್ಟ ಹಾಗೇ. ಎರಡೂ ಕೈಯಲ್ಲಿ ಹಿಡಿದು ಎಳೆಯುವ ಕತ್ತಿಯಿಂದ ಒಂದೊಂದೇ ಪದರ ಬಿಡಿಸುತ್ತ, ಗಂಟಿನ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು, ಮಗುವಿನ ಉಗುರು ಕತ್ತರಿಸಿದ ಹಾಗೆ ಸುತ್ತಲೂ ಕೆರೆದು, ಗುಡ್ಡವನ್ನು ಗುಡ್ಡವಾಗಿಯೇ ಬಿಟ್ಟರು. ಬಗ್ಗಿಸಿ ನೋಡುವ ಕೆಲಸಕ್ಕೆ ನಾನೂ ಬೇಕಿತ್ತು. ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ, ಅದನ್ನು ಕೆಳಗಿನ ರಾಟೆಯ ಮೂಲಕ ನನ್ನ ಕೈಗೆ ಕೊಡುತ್ತಿದ್ದರು. ನಾನು ಹಿಂದೆ ಹಿಂದೆ ಸರಿಯುತ್ತ ಎಳೆದರೆ ಬಿಲ್ಲು ಬಾಗುತ್ತದೆ. ಅಪ್ಪ ಮಣೆಯ ಮೇಲೆ ಕೂತು ನೋಡುತ್ತಾರೆ.

"ಬಿಲ್ಲಿನ ಕೆಳಗಿನ ತೋಳು ಸೋಮಾರಿ, ಕೆಲಸ ಮಾಡ್ತಿಲ್ಲ. ಅಲ್ಲಿ ಸ್ವಲ್ಪ ಕೆರಿ. ಮಗಳೇ, ಬಿಡಮ್ಮ. ಮತ್ತೆ ಎಳಿ."

ಕೊನೆಗೊಂದು ದಿನ ಅಪ್ಪ, "ಇನ್ನು ಮುಟ್ಟಬೇಡ. ಆಯ್ತು" ಎಂದರು. ನಮ್ಮವರು ಬಿಲ್ಲನ್ನು ಅಂಗಡಿಯ ಮುಂದೆ ನಿಲ್ಲಿಸಿದರು. ಕ್ಷೌರದಂಗಡಿಯವನು ಮುಖಕ್ಕೆ ಸೋಪು ಹಚ್ಚಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಬಂದ.

"ನುಣುಪಣ್ಣ, ಏನಯ್ಯಾ ಇದು? ಬಿಲ್ಲಿಗೆ ಕುರು ಎದ್ದಿದೆ! ಮುಲಾಮು ಇದೆ, ಕೊಡ್ಲಾ?"

ಸೋಪಿನ ಮುಖದವನೂ ಅಲ್ಲಿಂದಲೇ ನಕ್ಕ. ನಮ್ಮವರೂ ನಕ್ಕರು. ಆದರೆ ಬಿಲ್ಲನ್ನು ಒಳಗೆ ತಂದಿಟ್ಟರು.

ಮರುದಿನ ಅಪ್ಪ ಬೆರಳು ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಕೆಲಸದ ಕೋಣೆಯಿಂದ ಉಪ್ಪುಕಾಗದದ ಸದ್ದು ಕೇಳುತ್ತಿತ್ತು. ನಮ್ಮವರು ಉಪ್ಪುಕಾಗದ ಹಿಡಿಯದ ದಿನವೇ ಇರಲಿಲ್ಲವಾದ್ದರಿಂದ ನಾನು ನನ್ನ ಪಾಡಿಗೆ ಬಟ್ಟೆ ಒಗೆಯುತ್ತಿದ್ದೆ. ಸದ್ದು ಗಕ್ಕನೆ ನಿಂತಿತು. ಎಷ್ಟು ಹೊತ್ತಾದರೂ ಮತ್ತೆ ಶುರುವಾಗಲಿಲ್ಲ. ಒದ್ದೆ ಕೈಯಲ್ಲೇ ಹೋಗಿ ನೋಡಿದೆ. ಗುಡ್ಡ ಇರಲಿಲ್ಲ. ಅದಿದ್ದ ಕಡೆ ಪದರಗಳೆಲ್ಲ ಕತ್ತರಿಸಿಹೋಗಿ, ಒಂದರೊಳಗೊಂದು ಸುತ್ತು ಸುತ್ತಾಗಿ, ಥೇಟ್ ಕಣ್ಣಿನ ಹಾಗೆ ಕಾಣುತ್ತಿತ್ತು.

"ರೀ, ಏನಾಯ್ತು?"

"ಏನಿಲ್ಲ. ಒಳಗೆ ಹೋಗು."

ಅವರು ಮಾಡಿದ್ದೇನು ಎಂದು ಅವರಿಗೆ ಗೊತ್ತಾಗಿತ್ತು. ಸಂಜೆ ಅಪ್ಪ ಬರುವಷ್ಟರಲ್ಲಿ ಆ ಜಾಗಕ್ಕೆ ಕೆಂಪು ದಾರ ಒತ್ತೊತ್ತಾಗಿ ಸುತ್ತಿ ಆಗಿತ್ತು. ಜೋಡಿ ಕಾಣಲಿ ಎಂದು ಕೆಳಗಿನ ತೋಳಿಗೂ ಅಷ್ಟೇ ದಾರ.

"ಇದ್ಯಾಕಪ್ಪ ದಾರ?" ಎಂದರು ಅಪ್ಪ. ಅವರ ಬೆರಳಿಗೆಲ್ಲ ಪಟ್ಟಿ ಕಟ್ಟಿತ್ತು, ಸವರಿದರೂ ತಿಳಿಯುವಂತಿರಲಿಲ್ಲ.

"ಚೆಂದಕ್ಕೆ, ಮಾವ."

"ಕುರ್ಚಿ ಬುದ್ಧಿ ಬಿಡಲ್ಲ ನೀನು" ಎಂದು ಅಪ್ಪ ನಕ್ಕರು. ನಮ್ಮವರು ಊಟಕ್ಕೆ ಏಳಲಿಲ್ಲ.

ಬೆಳಿಗ್ಗೆ ಬಿಲ್ಲು ಕೊಡಲು ಮೂವರೂ ಮೈದಾನಕ್ಕೆ ಹೋದೆವು. ಮಕ್ಕಳು, ಮಕ್ಕಳ ಅಪ್ಪ ಅಮ್ಮಂದಿರು, ಸುಮ್ಮನೆ ನೋಡಲು ಬಂದವರು ಎಲ್ಲ ಸೇರಿದ್ದರು. ಮೇಡಂ ಹೇಳಿದ್ದ ಎರಡು ಜಡೆಯ ಹುಡುಗಿ ಬಿಲ್ಲನ್ನು ತೆಗೆದುಕೊಂಡು ಕೆಂಪು ದಾರ ಸವರಿ, "ಮೇಡಂ, ಎಷ್ಟು ಚೆನ್ನಾಗಿದೆ!" ಎಂದಳು. ಅಪ್ಪ ಅಳಿಯನ ಬೆನ್ನು ತಟ್ಟಿದರು. ಹುಡುಗಿ ಬಾಣ ಹೂಡಿ ಹೆದೆ ಎಳೆಯತೊಡಗಿದಳು. ತುಂಬ ಎಳೆದಾಗ ಬಿಲ್ಲು ಮುರಿದರೆ ಆ ತುಂಡು ಹೋಗುವುದು ಎಳೆಯುವವರ ಮುಖಕ್ಕೆ.

"ಎಳೀಬೇಡ!"

ಆ ಗಂಟಲಿಗೆ ಇಡೀ ಮೈದಾನ ನಿಂತುಬಿಟ್ಟಿತು. ನಮ್ಮವರು ಓಡಿಹೋಗಿ ಬಿಲ್ಲು ಕಿತ್ತುಕೊಂಡರು. ಹುಡುಗಿ ಹೆದರಿ ಅಳತೊಡಗಿದಳು. ಎಲ್ಲರ ಮುಂದೆ ಇವರು ದಾರ ಬಿಚ್ಚಿದರು. ಅದೆಷ್ಟು ಸುತ್ತಿದ್ದರೋ, ಬಿಚ್ಚಿದಷ್ಟೂ ಬರುತ್ತಿತ್ತು. ಉಜ್ಜಿದ ಗಂಟು ಕಾಣಿಸಿದಾಗ ಅಪ್ಪ ಬಗ್ಗಿ ನೋಡಿದರು. ಆಮೇಲೆ ನಮ್ಮವರ ಮುಖ ನೋಡಿದರು. ನಾನು ನೀರಿನ ತೊಟ್ಟಿಯ ಹಿಂದೆ ಹೋಗಿ ನಿಂತೆ. ಯಾರಾದರೂ ನನ್ನನ್ನು ತೋರಿಸಿ 'ಅವರ ಹೆಂಡತಿ' ಎಂದರೆ ಎಂಬ ಭಯ.

"ಪದರ ಕಡಿದುಬಿಟ್ಟೆ ಮೇಡಂ. ಮುಚ್ಚಿಟ್ಟಿದ್ದೆ. ಇದು ಮುರಿಯುತ್ತೆ" ಎಂದರು ನಮ್ಮವರು.

"ಎಲ್ಲಿ, ನೀವೇ ಎಳೆದು ತೋರ್ಸಿ" ಎಂದರು ಮೇಡಂ.

ಎಲ್ಲರನ್ನೂ ದೂರ ಸರಿಸಿ ನಮ್ಮವರು ಕಣ್ಣು ಮುಚ್ಚಿ ಕಿವಿಯ ತನಕ ಎಳೆದರು. ಬಿಲ್ಲು ಹುಣ್ಣಿಮೆ ಚಂದ್ರನ ಅರ್ಧದ ಹಾಗೆ ಬಾಗಿತು. ಮುರಿಯಲಿಲ್ಲ. ಮತ್ತೆ ಎಳೆದರು. ಮತ್ತೆ ಮತ್ತೆ ಎಳೆದರು. ಬೆವರು ಸುರಿಯಿತೇ ಹೊರತು ಬಿಲ್ಲಿನಿಂದ ಚಟ್ ಎಂಬ ಸದ್ದೂ ಬರಲಿಲ್ಲ. ಜನ ಮೊದಲು ಗುಸುಗುಸು ಎಂದರು, ಆಮೇಲೆ ನಗತೊಡಗಿದರು.

"ಸುಮ್ನೆ ಹೆದರಿಸಿಬಿಟ್ರಲ್ರೀ. ಚೆನ್ನಾಗೇ ಇದೆ, ಕೊಡಿ" ಎಂದು ಮೇಡಂ ಕೈ ಚಾಚಿದರು.

ಕೊಟ್ಟುಬಿಡಿ, ನಾಚಿಕೆ ಇಲ್ಲಿಗೇ ಮುಗಿಯುತ್ತದೆ ಎಂದು ನಾನು ತೊಟ್ಟಿಯ ಹಿಂದಿನಿಂದ ಮನಸ್ಸಿನಲ್ಲೇ ಬೇಡಿಕೊಂಡೆ.

"ಕೊಡಲ್ಲ" ಎಂದರು ನಮ್ಮವರು. "ನನ್ನ ಮುಖಕ್ಕೆ ಮುರೀಲಿಲ್ಲ ಅಂದ್ರೆ ಈ ಮಗು ಮುಖಕ್ಕೆ ಮುರಿಯಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಮರುಳು ಹಿಡಿದಿದೆ" ಎಂದು ಯಾರೋ ಅಂದರು. ಮಾಡಿದ ಬಿಲ್ಲು ಹೆಗಲಿಗೆ ಹಾಕಿಕೊಂಡು ವಾಪಸ್ ಬರುವಾಗ ಬೀದಿ ಎಷ್ಟು ಉದ್ದವಾಗಿತ್ತು! ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಪ್ಪ ಒಂದೇ ಮಾತು ಕೇಳಿದರು.

"ಉಜ್ಜಿದ್ದು ಕೈ ಚಪಲ. ದಾರ ಸುತ್ತಿದ್ದು?"

ನಮ್ಮವರು ಬಿಲ್ಲು ಹಿಡಿದುಕೊಂಡು ಒಳಗೆ ಹೋದರು.

ಬಿಲ್ಲನ್ನು ಅವರು ಕೆಲಸದ ಕೋಣೆಯ ಬಾಗಿಲ ಹಿಂದೆ ತೂಗುಹಾಕಿದರು. ದಿನಾ ಬೆಳಿಗ್ಗೆ ಉಳಿ ಮುಟ್ಟುವ ಮೊದಲು ಅದಕ್ಕೆ ಹೆದೆ ಏರಿಸಿ ಕಿವಿಯ ತನಕ ಎಳೆಯುವರು. ಮುರಿಯಲಿ ಎಂದೇ ಎಳೆಯುವರು. ಒಮ್ಮೆ ಮುರಿದುಬಿಟ್ಟರೆ, ತಾವು ಅವತ್ತು ಕೂಗಿದ್ದು ಸರಿ ಎಂದು ಜನರ ಮುಂದೆ ಎರಡು ತುಂಡು ಹಿಡಿದು ನಿಲ್ಲಬಹುದಲ್ಲ. ಅದು ಮುರಿಯುತ್ತಿರಲಿಲ್ಲ. "ನುಣುಪಣ್ಣ, ಇವತ್ತಾದ್ರೂ ಮುರೀತಾ?" ಎಂದು ಕ್ಷೌರದಂಗಡಿಯವನು ಕೂಗಿ ಕೇಳುವುದು ಬೀದಿಯಲ್ಲಿ ಬೆಳಗಾಗುವ ಗುರುತಾಯಿತು.

ಮೇಡಂಗೆ ಬೇರೆ ಬಿಲ್ಲು ಮಾಡಿಕೊಟ್ಟರು. ಆಮೇಲೆ ಎಷ್ಟೋ ಮಾಡಿದರು. ಒಂದೊಂದರ ಮೈಮೇಲೂ ಉಬ್ಬು ತಗ್ಗು, ಅಪ್ಪನದಕ್ಕಿಂತ ಹೆಚ್ಚೇ. ಅಪ್ಪ ತೀರಿಕೊಳ್ಳುವ ಮೊದಲು ಹಲಗೆಯ ಮಾತನ್ನು ತಾವೇ ಎತ್ತಿದರು. "ಬರೆಸಿಕೊಳ್ಳಪ್ಪ ಇನ್ನು." ನಮ್ಮವರು ನೆಲ ನೋಡುತ್ತ, "ಅದು ಮುರೀಲಿ ಮಾವ, ಆಮೇಲೆ ನೋಡೋಣ" ಎಂದರು. ನಾನು ಹೇಳಿದಾಗಲೆಲ್ಲ ನನಗೂ ಅದೇ ಉತ್ತರ. ಎರಡು ಜಡೆಯ ಆ ಹುಡುಗಿ ದೊಡ್ಡವಳಾಗಿ ತನ್ನ ಮಗಳಿಗೆ ಬಿಲ್ಲು ಕೇಳಿಕೊಂಡು ಬಂದಾಗಲೂ ಇವರು ಅವಳ ಮುಖ ನೋಡಿ ಮಾತಾಡಲಿಲ್ಲ. ಅಳತೆಯ ನೆಪದಲ್ಲಿ ಮಗುವಿನ ತೋಳನ್ನೇ ನೋಡುತ್ತಿದ್ದರು.

ಕೊನೆಯ ವರ್ಷ ಅವರ ತೋಳಿನಲ್ಲಿ ಬಲ ಉಳಿಯಲಿಲ್ಲ. ಹೆದೆ ಎದೆಯ ತನಕವೂ ಬರುತ್ತಿರಲಿಲ್ಲ. ಒಂದು ದಿನ, "ಇವಳೇ, ಸ್ವಲ್ಪ ಹಗ್ಗ ಹಿಡೀತೀಯಾ?" ಎಂದರು. ಆ ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಅಪ್ಪನ ಮಣೆಯ ಮೇಲೆ ಕೂತರು. ನಾನು ಹಿಂದೆ ಹಿಂದೆ ಸರಿಯುತ್ತ ಎಳೆದೆ. ಬಿಲ್ಲು ಮೊದಲ ದಿನದ ಹಾಗೇ ಬಾಗಿತು.

"ಎರಡು ತೋಳೂ ಎಷ್ಟು ಸಮ ಬಗ್ತಾ ಇದೆ ನೋಡು" ಎಂದರು. ತಕ್ಷಣ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದರು. "ಬಿಡು, ಸಾಕು."

ಅವರು ಹೋದ ಮೇಲೆ ನಾನು ಹೆಸರು ಬರೆಸಿಯೇ ತೀರಬೇಕೆಂದು ಬೋರ್ಡು ಬರೆಯುವವನನ್ನು ಕರೆಸಿದೆ. ಅವನು ಏಣಿ ಹಾಕಿ, ಅಪ್ಪನ ಹೆಸರಿನ ಕೆಳಗೆ ಬಟ್ಟೆಯಿಂದ ಧೂಳು ಒರೆಸಿ, "ಏನಂತ ಬರೀಲಿ ಅಜ್ಜಿ?" ಎಂದು ಕೇಳಿದ. ನಾನು ಒಳಗೆ ಹೋಗಿ ಬಾಗಿಲ ಹಿಂದೆ ನೋಡಿದೆ. ಅದು ಅಲ್ಲೇ ತೂಗುತ್ತಿತ್ತು, ಇಡಿಯಾಗಿ.

ಬರೆಯುವುದು ಬೇಡ ಎಂದು ಬಂದವನಿಗೆ ಕಾಫಿ ಕೊಟ್ಟು ಕಳಿಸಿದೆ.