ಪಾಲೆ ಕಷಾಯದ ಮೇಲೆ ಮಾತ್ರೆ ಬೇಡ

ಮೊದಲೇ ಹೇಳಿಬಿಡುತ್ತೇನೆ, ನಾನು ನನ್ನ ಮಗಳಿಗೆ ಹೊಡೆದಿದ್ದೇನೆ. ಎಂಟು ವರ್ಷದ ಮಗು. ಕೆನ್ನೆಗೆ, ಬೆರಳು ಮೂಡುವ ಹಾಗೆ. ಅವಳ ತಪ್ಪೇನು? ಚಮಚದಿಂದ ಸ್ಟೀಲ್ ಬಟ್ಟಲಿನ ತಳ ಕೆರೆದು ಪಾಯಸ ತಿಂದಳು, ಅಷ್ಟೇ.

ಭಯದ ಕಾಯಿಲೆಗೆ ನಾನು ಮಾತ್ರೆ ನುಂಗಲು ಶುರು ಮಾಡಿ ನಾಲ್ಕು ವರ್ಷವಾಯಿತು. ಜೆಪ್ಪುವಿನ ನಮ್ಮ ಮನೆಯಲ್ಲಿ ಆಟಿ ಅಮಾವಾಸ್ಯೆಯ, ಅಂದರೆ ಆಷಾಢದ ಅಮಾವಾಸ್ಯೆಯ, ಬೆಳಿಗ್ಗೆ ಪಾಲೆ ಮರದ ಕಷಾಯ ಕುಡಿಯದೆ ಯಾರೂ ಬಾಯಿಗೆ ಬೇರೇನೂ ಹಾಕುವುದಿಲ್ಲ. ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆ, ಬೆಳ್ಳುಳ್ಳಿ, ಕರಿಮೆಣಸು, ವಿಷದಷ್ಟು ಕಹಿ. ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲವೆಂದು ಊರೆಲ್ಲ ನಂಬುತ್ತದೆ. ಅದಕ್ಕೆ ಅಮ್ಮ ತಮ್ಮದೊಂದು ಬಾಲ ಸೇರಿಸಿದ್ದರು: "ಇದು ಹೊಟ್ಟೆಗೆ ಹೋದ ಮೇಲೆ ಇಂಗ್ಲಿಷ್ ಮದ್ದು ಎಂತಕ್ಕೆ ಮಗಾ? ಒಂದರ ಮೇಲೆ ಒಂದು ಹಾಕಿದ್ರೆ ರಕ್ತ ಕೆಡ್ತದೆ." ನಾನೂ ದೊಡ್ಡ ಬೃಹಸ್ಪತಿಯೇ! ಮಾತ್ರೆ ನಿಲ್ಲಿಸಿದೆ.

ಮೊದಲ ವರ್ಷ ತಿಂಗಳೊಳಗೆ ಎದೆ ಡವಗುಟ್ಟತೊಡಗಿತು. ಮತ್ತೆ ನುಂಗಿದೆ, ಎರಡು ವಾರದಲ್ಲಿ ಸರಿಯಾಯಿತು. ಎರಡನೆಯ ವರ್ಷವೂ ಅದೇ ಹುಚ್ಚಾಟ. ಸರಿಯಾಗಲು ನಾಲ್ಕು ತಿಂಗಳು ಬೇಕಾಯಿತು. ಮೂರನೆಯ ಸಲ ನಿಲ್ಲಿಸಿದಾಗ ತಲೆಯೊಳಗೆ ಕರೆಂಟು ಹೊಡೆಯತೊಡಗಿತು. ಹೆದರಿ ಮತ್ತೆ ಶುರು ಮಾಡಿದರೆ, ಯಾವ ಮಾತ್ರೆ ನನ್ನನ್ನು ಕಾಪಾಡುತ್ತಿತ್ತೋ ಅದೇ ಮೈಗೆ ಬೆಂಕಿ ಹಚ್ಚಿತು. ಕುಕ್ಕರಿನ ವಿಶಲ್ ಬೆನ್ನಿಗೆ ಬೆತ್ತದ ಏಟಿನಂತೆ ಬೀಳುತ್ತಿತ್ತು. ನಾನು ಕೆಲಸ ಮಾಡುವ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಯೊಬ್ಬ ಕಬ್ಬಿಣದ ಪೈಪನ್ನು ನೆಲಕ್ಕೆ ಬೀಳಿಸಿದ. ಅವನ ಕಾಲರ್ ಹಿಡಿದು ಮುಖವನ್ನು ಶಟರ್‌ಗೆ ಗುದ್ದಿಸಿದೆ. ಮೂಗಿನಿಂದ ರಕ್ತ ಸುರಿಯಿತು. ಹೇಳಲು ನಾಚಿಕೆ, ಆ ಕ್ಷಣ ಹಾಯೆನಿಸಿತು. ಪಾಯಸದ ಬಟ್ಟಲಿನ ಕತೆ ಅದೇ ವಾರದ್ದು.

ಆ ದಿನ ಹೆಂಡತಿ ಅಳಲಿಲ್ಲ. "ಇನ್ನೊಂದು ಸಲ ಈ ಮನೆಯಲ್ಲಿ ನೀವು ಯಾರ ಮೇಲಾದ್ರೂ ಕೈ ಎತ್ತಿದ್ರೆ, ನಾನು ಮಗಳನ್ನು ಕರ್ಕೊಂಡು ಕುಲಶೇಖರಕ್ಕೆ ಹೋಗ್ತೇನೆ," ಎಂದಳು. ಅಲ್ಲಿ ಅವಳ ತವರುಮನೆ.

ಡಾಕ್ಟರರ ಮುಂದೆ ಎಲ್ಲ ಒಪ್ಪಿಕೊಂಡೆ. "ಕಷಾಯ ಕುಡಿದದ್ದಕ್ಕೆ ನಾನು ಬೈಯುವುದಿಲ್ಲ ಮಾರಾಯ್ರೇ," ಎಂದರು. "ನಿಲ್ಲಿಸಿ, ಶುರು ಮಾಡಿ, ಮತ್ತೆ ನಿಲ್ಲಿಸಿ ನರಗಳನ್ನು ಕೆಣಕಿದ್ದೀರಿ. ಈಗ ಅವಕ್ಕೆ ಸಣ್ಣದೂ ದೊಡ್ಡದೇ. ನಿಧಾನ ಹೋಗುವ." ಕಾಲು ಮಾತ್ರೆಯಿಂದ ಮತ್ತೆ ಹೊರಟೆ. ಒಂಬತ್ತು ತಿಂಗಳು ಹಲ್ಲು ಕಚ್ಚಿಕೊಂಡು ಬದುಕಿದೆ; ಕೈ ಎತ್ತಲಿಲ್ಲ.

ಈ ವರ್ಷದ ಆಟಿ ಅಮಾವಾಸ್ಯೆ ಬಂತು. ಅಮ್ಮ ಲೋಟ ಹಿಡಿದರು, ಕುಡಿದೆ. ಗಂಜಿ ಉಂಡು ಮಾತ್ರೆಗೆ ಕೈ ಹಾಕಿದರೆ ಡಬ್ಬಿ ಖಾಲಿ.

"ಕಸದ ಗಾಡಿಗೆ ಹಾಕಿದೆ," ಎಂದರು ಅಮ್ಮ, ಏನೂ ಆಗದವರಂತೆ. "ಪ್ರತಿ ವರ್ಷ ನೀನೇ ಬಿಡ್ತಿದ್ದೆ ಅಲ್ವಾ?"

ಲೋಟ ಗೋಡೆಗೆ ಹೋಯಿತು. ಸ್ಟೂಲು ಕನ್ನಡಿಗೆ ಹೋಯಿತು. ಬೆಂಕಿ ಬೀಳಲಿ ನಿಮ್ಮ ಕಷಾಯಕ್ಕೆ ಎಂದು ಕಿರುಚುತ್ತ ಅಮ್ಮನ ರಟ್ಟೆ ಹಿಡಿದು ಗೋಡೆಗೆ ಒತ್ತಿದ್ದೆ. ಇನ್ನೊಂದು ಕೈ ಮೇಲೆದ್ದಿತ್ತು. ಅಮ್ಮ ಜೋರಾಗಿ ಅಳುತ್ತಿದ್ದರು. ಮಗಳು ಓಡಿ ಬಂದಳು, ನನ್ನ ಕಡೆಗಲ್ಲ. ಟಿವಿ ಆರಿಸಿದಳು. ಅಡುಗೆಮನೆಗೆ ನುಗ್ಗಿ ಅವಳಮ್ಮ ತಿರುಗಿಸುತ್ತಿದ್ದ ಮಿಕ್ಸಿ ನಿಲ್ಲಿಸಿದಳು. ಕುರ್ಚಿ ಹತ್ತಿ ಫ್ಯಾನ್ ಆರಿಸಿದಳು. ಆಮೇಲೆ ನಮ್ಮಿಬ್ಬರ ನಡುವೆ ತೂರಿ, ತುದಿಗಾಲಲ್ಲಿ ನಿಂತು, ಅಜ್ಜಿಯ ಬಾಯಿಗೆ ಅಂಗೈ ಒತ್ತಿ ಹಿಡಿದಳು.

"ಈಗ ಸದ್ದಿಲ್ಲ ಪಪ್ಪ," ಎಂದು ಪಿಸುಗುಟ್ಟಿದಳು. "ಈಗ ಹೊಡೀಬೇಡಿ."

ಹೆಂಡತಿ ಬ್ಯಾಗು ತುಂಬತೊಡಗಿದಳು. ನಾನು ತಡೆಯಲಿಲ್ಲ. ಮಗಳ ಯೂನಿಫಾರ್ಮ್ ನಾನೇ ಮಡಚಿ ಕೊಟ್ಟೆ.